ನಮ್ಮ ಮನೆಯಲ್ಲಿ ‘ಅವ್ವ’ ಎಂದರೆ

ಮುಳಬಾಗಿಲಿನಲ್ಲಿ ಹುಟ್ಟಿದವರಿಗೆ ‘ಅವ್ವ’ ಎಂದರೆ ಅಜ್ಜಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಂಡ್ಯದ ಕಡೆಯವರೋ ಧಾರವಾಡದ ಕಡೆಯವರೋ ಇದನ್ನು ಓದುತ್ತಾ ಅವ್ವನನ್ನು ನನ್ನ ತಾಯಿ ಎಂದುಕೊಂಡುಬಿಟ್ಟರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ. ತೆಲುಗಿನ ಅವ್ವ ಅಜ್ಜಿ, ಕನ್ನಡದ ಅವ್ವ ತಾಯಿ. ಎರಡು ಭಾಷೆಯನ್ನೂ ಒಂದೇ ಬಾಯಲ್ಲಿಟ್ಟುಕೊಂಡಿರುವ ನಮ್ಮ ಊರು ಈ ವಿಷಯದಲ್ಲಿ ತೆಲುಗಿನ ಪಕ್ಷ. ತಾಯಿಯನ್ನು ಅಮ್ಮ ಎನ್ನುತ್ತೇವೆ, ತಾಯಿಯ ತಾಯಿಯನ್ನೂ ತಂದೆಯ ತಾಯಿಯನ್ನೂ ಅವ್ವ ಎನ್ನುತ್ತೇವೆ, ಬೀದಿಯಲ್ಲಿ ತಲೆ ನರೆತ ಯಾವ ಹೆಂಗಸು ಕಂಡರೂ ಅವ್ವ ಎನ್ನುತ್ತೇವೆ. ಮುಂದೆ ನಾನು ಇದೇ ತಾಲ್ಲೂಕಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. ಮಕ್ಕಳು ಪ್ರಬಂಧದಲ್ಲಿ ‘ನಮ್ಮ ಅವ್ವನಿಗೆ ಹಲ್ಲಿಲ್ಲ’ ಎಂದು ಬರೆದರೆ ಕೆಂಪು ಶಾಯಿಯಲ್ಲಿ ತಿದ್ದಲು ನನಗೆ ಯಾವತ್ತೂ ಕೈ ಬರಲಿಲ್ಲ. ಆ ಒಂದು ಪದ ನಮ್ಮ ಮನೆಯಲ್ಲಿ ಏನೇನು ಮಾಡಿತು ಎಂಬುದನ್ನು ಕಣ್ಣಾರೆ ಕಂಡವಳು ನಾನು.

ಊರಿನ ಹೆಸರಿನಲ್ಲೇ ಬಾಗಿಲಿದೆ. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತಂತೆ. ಹಿಂದಿನ ರಾಜ್ಯಗಳಿಗೆ ಪೂರ್ವದಿಕ್ಕಿನ ಬಾಗಿಲು ನಮ್ಮದೇ ಎಂದು ಶಾಲೆಯಲ್ಲಿ ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಿದ್ದರು. ಈ ಬಾಗಿಲಲ್ಲಿ ದಂಡು ಬಂದಿದೆ, ದಂಡು ಹೋಗಿದೆ. ತಿರುಪತಿಗೆ ಹೋಗುವವರು ಇಲ್ಲಿಳಿದು ಆಂಜನೇಯನಿಗೆ ಕೈ ಮುಗಿದು ಮುಂದಕ್ಕೆ ಹೋಗುತ್ತಾರೆ. ಬಂದವರಲ್ಲಿ ಕೆಲವರು ಇಲ್ಲೇ ಉಳಿದರು, ಅವರವರ ಮಾತೂ ಉಳಿಯಿತು. ಅಂಗಡಿಯ ಬೋರ್ಡು ಕನ್ನಡ, ಚೌಕಾಶಿ ತೆಲುಗು, ದರ್ಗಾದ ಬೀದಿಗೆ ತಿರುಗಿದರೆ ಉರ್ದು. ಟಾಕೀಸಿನಲ್ಲಿ ತೆಲುಗು ಸಿನಿಮಾ ನೋಡಿ ಅತ್ತವರು ಹೊರಗೆ ಬಂದು ದಪ್ಪ ದೋಸೆಗೆ ಕನ್ನಡದಲ್ಲಿ ಇನ್ನೊಂದಿಷ್ಟು ಬೆಣ್ಣೆ ಕೇಳುತ್ತಿದ್ದರು. ಈಗ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಬೆಳಿಗ್ಗೆ ನರಸಾಪುರದ ಕಂಪನಿ ಬಸ್ಸಿಗೆ ಕಾಯುವ ಹುಡುಗಿಯರು ಫೋನಿನಲ್ಲಿ ಕನ್ನಡದಲ್ಲಿ ಮಾತು ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಅವರಿಗೆ ಅದು ಗೊತ್ತೇ ಆಗುವುದಿಲ್ಲ. ನಮಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದುದು ಮನೆಯಲ್ಲಿ ಒಬ್ಬಳಿಗೆ ಮಾತ್ರ, ಅದು ನನ್ನ ಅಮ್ಮನಿಗೆ.

ಅಮ್ಮನ ಹೆಸರು ಪುಟ್ಟತಾಯಮ್ಮ. ಕನಕಪುರದ ಕಡೆಯ ಹಳ್ಳಿಯವಳು. ಅಪ್ಪ ರೇಷ್ಮೆಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದವನು ಅಲ್ಲಿ ಗೂಡು ತರುತ್ತಿದ್ದ ಇನ್ನೊಬ್ಬ ರೈತನ ಸ್ನೇಹ ಮಾಡಿಕೊಂಡು, ಕೊನೆಗೆ ಅವನ ಮಗಳನ್ನೇ ಮದುವೆ ಮಾಡಿಕೊಂಡು ಬಂದ. ಅಪ್ಪನ ತಾಯಿ ಮುನಿಯಮ್ಮ, ಅಂದರೆ ನಮ್ಮ ಅವ್ವ, ಈ ಸಂಬಂಧಕ್ಕೆ ಬೇಡ ಎನ್ನಲಿಲ್ಲ. ಹುಡುಗಿಗೆ ಹುಳ ಸಾಕುವುದು ಗೊತ್ತು ಎಂಬ ಒಂದೇ ಮಾತಿಗೆ ಒಪ್ಪಿದಳು. ಆದರೆ ಅವ್ವನಿಗೆ ಮನೆಯೊಳಗೆ ಬರುತ್ತಿದ್ದುದು ತೆಲುಗು ಒಂದೇ. ಕನ್ನಡ ಬರುತ್ತಿತ್ತು, ಆದರೆ ಅವಳ ಪಾಲಿಗೆ ಅದು ತಾಲ್ಲೂಕು ಆಫೀಸಿನ ಭಾಷೆ. ಸೆರಗು ಸರಿಮಾಡಿಕೊಂಡು ಮಾತಾಡುವಂಥದು. ಅಮ್ಮನಿಗೋ ತೆಲುಗಿನ ಗಾಳಿಯೂ ಸೋಕಿರಲಿಲ್ಲ. ಬಂದ ಮೊದಲ ದಿನ ಅವ್ವ ತಟ್ಟೆಯ ಮುಂದೆ ಕೂರಿಸಿ, ಸಂಗಟಿ ತಿನ್ನುತ್ತೀಯಾ ಎಂದು ತೆಲುಗಿನಲ್ಲಿ ಕೇಳಿದಳಂತೆ. ಸಂಗಟಿ ಎಂದರೆ ಮುದ್ದೆ. ಅಮ್ಮನ ಕಿವಿಗೆ ಅದು ಬೇರೆಯಾಗಿ ಬಿತ್ತು.

“ಯಾವ ಸಂಗತಿ ಅತ್ತೆ?” ಎಂದು ಅಮ್ಮ ಗಾಬರಿಯಿಂದ ಎದ್ದು ನಿಂತಳಂತೆ.

ಬಂದ ದಿನವೇ ಏನೋ ಕೆಟ್ಟ ಸುದ್ದಿ ಇದೆ ಎಂದುಕೊಂಡಿದ್ದಳು. ಈ ಕತೆಯನ್ನು ಅವ್ವ ಬೀದಿಯವರಿಗೆಲ್ಲ ಹೇಳಿಕೊಂಡು ನಕ್ಕಳು. ಅಮ್ಮ ನಗಲಿಲ್ಲ. ತಟ್ಟೆಗೆ ಬಂದ ಮುದ್ದೆಯಲ್ಲಿ ಅಕ್ಕಿನುಚ್ಚು ಸಿಕ್ಕಿದ್ದು ಬೇರೆ ಅವಳಿಗೆ ಸೋಜಿಗ. ಅವಳ ತವರಿನಲ್ಲಿ ಮುದ್ದೆ ಎಂದರೆ ಬರೀ ರಾಗಿ ಹಿಟ್ಟು, ನುಣ್ಣಗೆ ಗಂಟಲಲ್ಲಿ ಜಾರಬೇಕು. ಅವ್ವನ ಪ್ರಕಾರ ನುಚ್ಚು ಹಾಕದ ಮುದ್ದೆ ಗೋಡೆಗೆ ಮೆತ್ತುವುದಕ್ಕೆ ಸರಿ. ನಾನು ಬುದ್ಧಿ ಬಂದು ನೋಡುವ ಹೊತ್ತಿಗೂ ಈ ವ್ಯಾಜ್ಯ ಮುಗಿದಿರಲಿಲ್ಲ. ಬೆಳಿಗ್ಗೆ ಅವ್ವನ ಮುದ್ದೆ, ಸಂಜೆ ಅಮ್ಮನ ಮುದ್ದೆ. ಎರಡನ್ನೂ ಹೊಗಳದೆ ತಿನ್ನುವುದನ್ನು ಅಪ್ಪನಿಂದ ಕಲಿತೆ.

ಮನೆ ಊರ ಅಂಚಿನಲ್ಲಿತ್ತು. ಹಿಂದೆ ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ, ಪಕ್ಕದಲ್ಲಿ ನಮ್ಮ ಹಿಪ್ಪುನೇರಳೆ ತೋಟ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ನಮ್ಮದಲ್ಲ, ರೇಷ್ಮೆಹುಳಗಳದು. ಗೋಡೆಯುದ್ದಕ್ಕೂ ಬಿದಿರಿನ ಅಟ್ಟಣೆ, ಅದರಲ್ಲಿ ಸಾಲು ಸಾಲು ತಟ್ಟೆ. ನಾವು ಉಳಿದ ಜಾಗದಲ್ಲಿ ಹೇಗೋ ಮೈ ಮುದುಡಿಕೊಂಡಿದ್ದೆವು. ಹುಳಗಳಿಗೆ ಜ್ವರ ಬಂದಾಗ ಮನೆಯೆಲ್ಲ ಪಿಸುಮಾತು. ಜ್ವರ ಎಂದರೆ ರೋಗವಲ್ಲ, ಪೊರೆ ಕಳಚುವ ಮುಂಚೆ ಹುಳ ಸೊಪ್ಪು ಬಿಟ್ಟು ಸುಮ್ಮನೆ ತಲೆಯೆತ್ತಿ ಮಲಗುವ ಹೊತ್ತು. ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ, ಘಾಟು ಒಗ್ಗರಣೆ ಹಾಕುವಂತಿಲ್ಲ. ಭಾಷೆ ಸೇರದ ಅತ್ತೆ ಸೊಸೆ ಮೊದಲು ಒಬ್ಬರಿಗೊಬ್ಬರು ಅರ್ಥವಾದದ್ದು ಆ ಕೋಣೆಯಲ್ಲಿ. ಅಮ್ಮ ಎಳೆಹುಳಕ್ಕೆ ಸೊಪ್ಪು ಹೆಚ್ಚುವುದನ್ನು ಅವ್ವ ಬಾಗಿಲಲ್ಲಿ ನಿಂತು ನೋಡಿದಳಂತೆ. ಅಷ್ಟು ಸಣ್ಣಗೆ ತನಗೂ ಬರುವುದಿಲ್ಲ ಎಂದುಕೊಂಡು ತನ್ನ ಕತ್ತಿಯನ್ನು ಅಮ್ಮನ ಕಡೆ ತಳ್ಳಿದಳಂತೆ. ಅವ್ವನಿಂದ ಬರಬಹುದಾದ ಹೊಗಳಿಕೆ ಅಷ್ಟೇ. ಅಮ್ಮನಿಗೆ ಅಷ್ಟು ಸಾಕಾಗಿತ್ತು ಎಂದು ನನಗನ್ನಿಸುತ್ತದೆ.

ಆದರೆ ‘ಅವ್ವ’ ಎಂಬ ಮಾತು ಮಾತ್ರ ಸರಿಹೋಗಲಿಲ್ಲ. ಅಮ್ಮನ ಊರಿನಲ್ಲಿ ತಾಯಿಯನ್ನು ಅವ್ವ ಎನ್ನುವುದಷ್ಟೇ ಅಲ್ಲ, ತಾಯಿಯಾದವಳು ಮುದ್ದಿಗೆ ಮಗಳನ್ನೂ ಅವ್ವ ಎಂದೇ ಕರೆಯುತ್ತಾಳೆ. ಅಮ್ಮ ನನ್ನನ್ನು ಹಾಗೆಯೇ ಕರೆಯುತ್ತಿದ್ದಳು. ಒಂದು ಭಾನುವಾರ ಬಚ್ಚಲಿನಲ್ಲಿ ಹಂಡೆಯ ಒಲೆ ಊದುತ್ತಾ, ಬಿಸಿ ಹರಳೆಣ್ಣೆ ಪಕ್ಕಕ್ಕಿಟ್ಟುಕೊಂಡು ಕೂಗಿದಳು.

“ಬಾರವ್ವಾ ಇತ್ತಗೆ. ತಲೆ ನೋಡು, ಕಾಗೆ ಗೂಡಾಗೈತೆ.”

ನಾನು ಗುಡ್ಡದ ಕಡೆ ಆಡಲು ಹೋಗಿದ್ದೆ. ಕೂಗು ಕೇಳಿ ಬಂದವಳು ಅವ್ವ. ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ ಅಮ್ಮ ಹೆಜ್ಜೆ ಸಪ್ಪಳ ಕೇಳಿ, ತಿರುಗಿಯೂ ನೋಡದೆ ಮುಂದುವರಿದಳು.

“ಬಟ್ಟೆ ಬಿಚ್ಚಿ ಕೂತ್ಕೊ. ಬೇಗ. ಓಡೋಗಿಯಾ ಅಂದ್ರೆ ಬೆನ್ನಿಗೆ ಬೀಳ್ತವೆ.”

“ನಾಕಾ ಚೆಪ್ತಾ ಉಂಡಾವು?” ಎಂದಳು ಅವ್ವ. ನನಗಾ ಹೇಳುತ್ತಿರುವುದು ಎಂದು.

ಸೊಸೆ ಅತ್ತೆಗೆ ಬನ್ನಿ, ಕೂತ್ಕೊಳ್ಳಿ ಎಂದೇ ಹೇಳಬೇಕಾದ ಮನೆ ಅದು. ಅವತ್ತು ಅವ್ವ ಊಟಕ್ಕೆ ಏಳಲಿಲ್ಲ. ಮುಖ ಊದಿಸಿಕೊಂಡು ಜಗಲಿಯ ಮೇಲೆ ಕೂತು ಹೋಗಿಬರುವವರಿಗೆಲ್ಲ, ಸೊಸೆ ತನ್ನನ್ನು ಏಕವಚನದಲ್ಲಿ ಬಾ ಎಂದದ್ದನ್ನೂ ಬಟ್ಟೆ ಬಿಚ್ಚು ಎಂದದ್ದನ್ನೂ ವರದಿ ಮಾಡಿದಳು. ಅಮ್ಮ ಹುಳದ ಮನೆ ಸೇರಿ ಅತ್ತಳು. ಅಪ್ಪ ತೋಟದಿಂದ ಬಂದವನು ಇಬ್ಬರಿಗೂ ಬೇರೆಬೇರೆಯಾಗಿ ವಿಷಯ ಬಿಡಿಸಿ ಹೇಳಿದ. ಅವಳ ಊರಿನಲ್ಲಿ ಮಗಳನ್ನು ಹಾಗೇ ಕರೆಯುವುದಮ್ಮಾ ಎಂದು ಅವ್ವನಿಗೆ ತೆಲುಗಿನಲ್ಲಿ ತಿಳಿಸಿದಾಗ ಅವಳು ಜಗ್ಗಲಿಲ್ಲ. ಹೆತ್ತ ಮಗಳನ್ನು ಅಜ್ಜಿ ಎಂದು ಕರೆಯುವುದು ಯಾವ ಸೀಮೆ ಪದ್ಧತಿಯೋ ಎಂದಳು. ಆದರೂ ಸಂಜೆ ಅಮ್ಮ ಮಾಡಿದ ಮುದ್ದೆಯನ್ನು, ನುಚ್ಚಿಲ್ಲದಿದ್ದರೂ, ತಿಂದಳು.

ಅಮ್ಮ ಆಮೇಲೆ ನನ್ನನ್ನು ವಸಂತಾ ಎಂದೇ ಕರೆಯಲು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಬಾಯಿ ತನ್ನಷ್ಟಕ್ಕೆ ಅವ್ವಾ ಎಂದುಬಿಡುತ್ತಿತ್ತು. ಬರುಬರುತ್ತಾ ಅದು ಮನೆಯ ತಮಾಷೆಯಾಯಿತು. ಅಮ್ಮ ಅವ್ವಾ ಎಂದು ಕೂಗಿದ ತಕ್ಷಣ ಅವ್ವ ಇದ್ದಲ್ಲಿಂದಲೇ “ಏ ಅವ್ವ?” ಎನ್ನುತ್ತಿದ್ದಳು. ಯಾವ ಅವ್ವ ಎಂದು. “ಚಿಕ್ಕವ್ವ, ಅತ್ತೆ, ನೀವಲ್ಲ” ಎನ್ನುತ್ತಿದ್ದಳು ಅಮ್ಮ. ದಿನಕ್ಕೆ ಎಷ್ಟೋ ಸಲ ಈ ಸವಾಲು ಜವಾಬು ನಡೆಯುತ್ತಿತ್ತು. ಅವ್ವನಿಗೆ ಅದರಲ್ಲಿ ಖುಷಿಯಿತ್ತು. ಕರೆಯದಿದ್ದರೂ ಓಗೊಡಲು ಕಾದುಕೊಂಡಿರುತ್ತಿದ್ದಳು.

ಅಮ್ಮನ ಆಸೆ ಬೇರೆಯೇ ಇತ್ತೆಂದು ನನಗೆ ತಿಳಿದದ್ದು ತೋಟದಲ್ಲಿ. ನಾವಿಬ್ಬರೇ ಸೊಪ್ಪು ಕೊಯ್ಯುತ್ತಿದ್ದೆವು. ನಾನು ಅಮ್ಮಾ ಅಮ್ಮಾ ಎಂದು ಏನೋ ಹರಟುತ್ತಿದ್ದೆ. ಅವಳು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಒಂದ್ಸಲ ಅವ್ವ ಅನ್ನು ನನ್ನ.”

“ನೀನು ಮುದುಕಿ ಅಲ್ವಲ್ಲಮ್ಮ?”

“ನಮ್ಮೂರಲ್ಲಿ ಅಮ್ಮ ಅಂದ್ರೆ ಗುಡೀಲಿರೋಳು ಕಣವ್ವ. ಇಲ್ಲಾ ಸ್ಕೂಲ್ ಟೀಚರಮ್ಮ. ಹೆತ್ತೋಳ್ನ ಯಾರೂ ಹಂಗನ್ನಲ್ಲ. ನೀನು ಅಮ್ಮ ಅಂದಾಗ್ಲೆಲ್ಲಾ ಯಾರೋ ಪರಸ್ಥಳದೋಳ್ನ ಮಾತಾಡ್ಸ್ದಂಗಾಯ್ತದೆ.”

ನಾನು ಅವ್ವ ಎಂದೆ. ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಸೊಪ್ಪು ಕೊಯ್ಯತೊಡಗಿದಳು. ನನ್ನ ಬುಟ್ಟಿಗೂ ಅವಳೇ ತುಂಬಿದಳು. ಅವತ್ತಿನಿಂದ ನಾವಿಬ್ಬರೇ ಇದ್ದಾಗ ಅವಳು ನನಗೆ ಅವ್ವ, ಮನೆಯೊಳಗೆ ಅಮ್ಮ. ಗುಟ್ಟೊಂದು ಇಟ್ಟುಕೊಂಡ ಜಂಬ ನನಗೆ. ಆದರೆ ಗುಟ್ಟು ಎಷ್ಟು ದಿನ ತಾನೇ ನಿಂತೀತು? ಹಬ್ಬಕ್ಕೆ ಬಳೆ ತೊಡಿಸಿಕೊಳ್ಳಲು ದರ್ಗಾದ ಬೀದಿಗೆ ಹೋಗಿದ್ದೆವು. ಅಲ್ಲಿ ಬಳೆಯಂಗಡಿಯ ಫಾತಿಮಾಬಿ ಇಡೀ ಊರಿನ ಹೆಂಗಸರ ಕೈ ಅಳತೆ ಬಲ್ಲವಳು. ಹಸಿರು ಬಳೆ ಕಣ್ಣಿಗೆ ಬಿದ್ದು ನಾನು ಮೈಮರೆತೆ.

“ಅವ್ವಾ, ನಂಗದು ಬೇಕು” ಎಂದು ಅಮ್ಮನ ಸೆರಗು ಜಗ್ಗಿದೆ.

ಫಾತಿಮಾಬಿ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಏನಮ್ಮಾ ಇದು, ಒಂದು ಕೂದಲು ಬೆಳ್ಳಗಾಗಿಲ್ಲ, ಆಗಲೇ ಮೊಮ್ಮಗಳಾ? ನಂಗೂ ಹೇಳ್ಕೊಡಿ, ಏನು ತಿಂತೀರಾ ನೀವು?”

ಅಂಗಡಿಯಲ್ಲಿದ್ದ ಹೆಂಗಸರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಮ್ಮನೂ ನಕ್ಕಳು. ನಿಜವಾಗಿಯೇ ನಕ್ಕಳು, ಫಾತಿಮಾಬಿಯ ಮೇಲೆ ಯಾರಿಗೂ ಸಿಟ್ಟು ಬರುವಂತಿರಲಿಲ್ಲ. ನನಗೆ ಹಸಿರು ಬಳೆಯೂ ಸಿಕ್ಕಿತು. ಮನೆ ಹತ್ತಿರ ಬಂದಾಗ ಅಮ್ಮ ನನ್ನ ತಲೆ ಸವರಿ, “ಬ್ಯಾಡ ಬಿಡವ್ವ. ಈ ಊರಲ್ಲಿ ಅದು ನಂಗೆ ಒಪ್ಪಲ್ಲ” ಎಂದಳು. ಮತ್ತೆ ಯಾವತ್ತೂ ಅವಳು ಆ ಆಸೆ ಹೇಳಿಕೊಳ್ಳಲಿಲ್ಲ. ಆ ಪದಕ್ಕೆ ಅವಳಿಗೆ ಇನ್ನೂ ಒಂದು ಜಾಗವಿತ್ತು. ಗೂಡು ಮಾರಲು ಹೋಗುವ ಅಪ್ಪನ ಜೊತೆ ಆಗೊಮ್ಮೆ ಈಗೊಮ್ಮೆ ತವರಿಗೆ ಹೋಗುತ್ತಿದ್ದಳು. ಜೊತೆಯಲ್ಲಿ ಹೋದಾಗ ನೋಡಿದ್ದೇನೆ, ಹಟ್ಟಿಯ ಮುಂದೆ ಕಾಲಿಡುವ ಮೊದಲೇ ಅವ್ವಾ ಎಂದು ಕೂಗುತ್ತಿದ್ದಳು. ಒಳಗಿಂದ ಅವಳ ತಾಯಿ ಬಂದೆ ಕಣವ್ವಾ ಎನ್ನುತ್ತಾ ಬರುತ್ತಿದ್ದಳು. ಆ ಅಜ್ಜಿಯನ್ನು ಏನೆಂದು ಕರೆಯಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ನಾನು ಅವ್ವ ಎಂದೇ ಕರೆದೆ. ಅಲ್ಲಿ ಮಾತ್ರ ಅಮ್ಮನೂ ನಾನೂ ಒಬ್ಬಳನ್ನೇ ಒಂದೇ ಹೆಸರಿನಿಂದ ಕರೆಯುತ್ತಿದ್ದೆವು. ಅಮ್ಮನಿಗೆ ಅದು ತಮಾಷೆಯೆನಿಸುತ್ತಿತ್ತು.

ಆ ತಾಯಿ ಒಂದು ದಿನ ತೀರಿಕೊಂಡಳು. ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯ ಫೋನಿಗೆ ಸುದ್ದಿ ಬಂತು. ಅಪ್ಪ ಅದನ್ನು ಹೊತ್ತುಕೊಂಡು ಮನೆಗೆ ಬಂದಾಗ ಅಮ್ಮ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಅವಳು ಕೂಗಿಕೊಳ್ಳಲಿಲ್ಲ. ಹಿಡಿದಿದ್ದ ತಟ್ಟೆಗೆ ಸೊಪ್ಪು ಹರಡಿ ಮುಗಿಸಿ, ಅದನ್ನು ಅಟ್ಟಣೆಗೆ ಸೇರಿಸಿ, ಕೈ ತೊಳೆದು ಹೊರಟಳು. ಹುಳಗಳು ಕೊನೆಯ ಜ್ವರ ಬಿಟ್ಟೆದ್ದು ಹಗಲೂ ರಾತ್ರಿ ತಿನ್ನುವ ಹೊತ್ತು ಅದು. ಅವ್ವ ಆ ಮಾತೇ ಎತ್ತಲಿಲ್ಲ. ತಾಯಿಗೆ ಹೊದಿಸಲೆಂದು ಅಮ್ಮನ ಕೈಗೆ ಒಂದು ಸೀರೆ ಕೊಟ್ಟು, ಎಲ್ಲ ಮುಗಿಸಿಕೊಂಡೇ ಬಾ, ಹುಳ ನನಗಿರಲಿ ಎಂದು ಕಳಿಸಿದಳು. ಅಷ್ಟು ದಿನವೂ ಅವಳೂ ನಾನೂ ಸೊಪ್ಪು ಕೊಯ್ದು ಹಾಕಿದೆವು. ಅವ್ವನ ಸೊಂಟ ಹಿಡಿದುಕೊಂಡಿತು, ಆದರೆ ಹುಳ ಉಪವಾಸ ಬೀಳಲಿಲ್ಲ.

ತಿಥಿ ಮುಗಿಸಿ ಬಂದ ಅಮ್ಮ ಮೊದಲಿನಂತೆಯೇ ಕೆಲಸ ಮಾಡಿದಳು. ಮುದ್ದೆ ಮಾಡಿದಳು, ತೋಟಕ್ಕೆ ಹೋದಳು, ನನ್ನ ತಲೆ ಬಾಚಿದಳು. ನನ್ನನ್ನು ವಸಂತಾ ಎಂದು ಕರೆದಳು. ಎಷ್ಟು ಪ್ರಯತ್ನಪಟ್ಟರೂ ನಾಲಗೆಗೆ ಬಾರದಿದ್ದ ವಸಂತಾ ಈಗ ತಡವರಿಸದೆ ಬರುತ್ತಿತ್ತು. ನನಗೆ ಮೊದಮೊದಲು ಏನೋ ತಪ್ಪಿದೆ ಎನಿಸಿತೇ ಹೊರತು ಏನೆಂದು ಗೊತ್ತಾಗಲಿಲ್ಲ. ಗೊತ್ತಾದದ್ದು ಅವ್ವನಿಗೆ. ಓಗೊಡಲು ಕಾದು ಕಾದು ಅವಳಿಗೆ ಸಾಕಾಗಿತ್ತು. ಒಂದು ಮಧ್ಯಾಹ್ನ ಜಗಲಿಯಲ್ಲಿ ನನ್ನನ್ನು ಹತ್ತಿರ ಎಳೆದುಕೊಂಡು, ನಿಮ್ಮಮ್ಮ ನಿನ್ನನ್ನು ಅವ್ವ ಎನ್ನುವುದಿಲ್ಲವಾ ಈಗ ಎಂದು ಕೇಳಿದಳು. ಇಲ್ಲ ಎಂದೆ. ತೋಟದಲ್ಲಿ ಅಮ್ಮ ಹೇಳಿದ್ದನ್ನೂ, ಬಳೆಯಂಗಡಿಯಲ್ಲಿ ಆದದ್ದನ್ನೂ ಹೇಳಿಬಿಟ್ಟೆ. ಅವ್ವ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿದಳು.

ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅವ್ವ ಅವಳೆದುರು ನೆಲದ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ತನ್ನ ತಾಲ್ಲೂಕು ಆಫೀಸಿನ ಕನ್ನಡದಲ್ಲಿ ಶುರುಮಾಡಿದಳು. ಆ ಮನೆಯೊಳಗೆ ಅವಳು ಕನ್ನಡದಲ್ಲಿ ಅಷ್ಟುದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

“ನೋಡಮ್ಮಾ. ನಿಮ್ಮಮ್ಮ ಹೋಯ್ತು. ನಂಗೆ ತರೋಕಾಗಲ್ಲ. ಆ ಕರೆಯೋ ಮಾತು ಐತಲ್ಲ, ಅದು ಬಾಯಲ್ಲೇ ಇಟ್ಕೋಬಾರದು. ಒಳಗೆ ಕೂತ್ಕೊಂಡ್ಬಿಡ್ತದೆ. ಈ ಬೀದೀಲಿ ಎಲ್ರೂ ನನ್ನ ಅವ್ವ ಅಂತಾರೆ, ಕೋಳಿ ಮಾರೋನೂ ಅಂತಾನೆ. ನೀನೂ ಅನ್ನು. ಏ ಅವ್ವ ಅಂತ ನಾ ಕೇಳೇದಿಲ್ಲ ಇನ್ನು.”

ಅಮ್ಮ ತಲೆಯೆತ್ತಲಿಲ್ಲ. ಜರಡಿ ಆಡಿಸುತ್ತಲೇ ಇದ್ದಳು, ಜರಡಿಯಲ್ಲಿ ಹಿಟ್ಟು ಮುಗಿದುಹೋಗಿತ್ತು. “ಆಗ್ಲಿ ಅತ್ತೆ” ಎಂದಳು. ಅವ್ವ ಮೊಣಕಾಲಿಗೆ ಕೈಯೂರಿ ಎದ್ದು ಹೊರಗೆ ಬಂದಳು. ಅತ್ತೆ ಎಂದೇ ಉತ್ತರ ಬಂದಿತ್ತಲ್ಲ, ಅವಳಿಗೆ ಅದು ನೋವಾಯಿತೋ ಏನೋ, ತೋರಿಸಿಕೊಳ್ಳಲಿಲ್ಲ. ನನಗಂತೂ ನೋವಾಯಿತು. ಅಷ್ಟು ಕಷ್ಟಪಟ್ಟು ಕನ್ನಡದಲ್ಲಿ ಹೇಳಿದ್ದು ದಂಡವಾಯಿತಲ್ಲ ಎಂದು ನಾನೇ ಅಮ್ಮನ ಮೇಲೆ ಮುನಿಸಿಕೊಂಡು ಸುತ್ತಾಡಿದೆ. ಆ ಬೆಳೆಯ ಗೂಡು ರಾಮನಗರಕ್ಕೆ ಹೋಯಿತು. ಅಮ್ಮ ಜೊತೆಗೆ ಹೋಗಲಿಲ್ಲ. ಹೋಗಿ ಯಾರನ್ನು ಕರೆಯಲಿ ಎಂದು ಅಪ್ಪನಿಗೆ ಹೇಳಿದಳು. ಮುಂದಿನ ಬೆಳೆಗೆ ಮೊಟ್ಟೆ ಬಂತು, ಎಳೆಹುಳ ಬಂತು, ಜ್ವರಗಳೆಲ್ಲ ಮುಗಿದವು. ಅಡುಗೆಮನೆಯಲ್ಲಿ ಅತ್ತೆ, ಹುಳದ ಮನೆಯಲ್ಲಿ ಅತ್ತೆ. ಬನ್ನಿ ಅತ್ತೆ, ಕೂತ್ಕೊಳ್ಳಿ ಅತ್ತೆ. ಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ.

ಹುಳ ಹಣ್ಣಾಗುವ ದಿನ ನಮ್ಮ ಮನೆಯಲ್ಲಿ ಯಾರಿಗೂ ಉಸಿರಾಡಲು ಬಿಡುವಿರುತ್ತಿರಲಿಲ್ಲ. ತಿನ್ನುವುದು ನಿಲ್ಲಿಸಿದ ಹುಳ ಮೈಯೆಲ್ಲ ಹೊಂಬಣ್ಣವಾಗಿ, ಎಳೆ ಬಿಡಲು ಜಾಗ ಹುಡುಕುತ್ತಾ ಹರಿದಾಡುತ್ತದೆ. ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಚಾಪೆಯ ಮೇಲೆ ಸುತ್ತುಸುತ್ತಾಗಿ ಪಟ್ಟಿ ಕಟ್ಟಿದ, ಆಳೆತ್ತರದ ಚೌಕಟ್ಟು. ಹುಳ ಅದರಲ್ಲಿ ಕೂತು ಗೂಡು ಕಟ್ಟುತ್ತದೆ. ಅಪ್ಪ ಹೊರಗೆ ನೆರಳಿನಲ್ಲಿ ಚಂದ್ರಿಕೆಗಳನ್ನು ಒರಗಿಸುತ್ತಿದ್ದ. ಒಳಗೆ ಅಮ್ಮ ಬೊಗಸೆ ತುಂಬ ಹಣ್ಣುಹುಳ ಹಿಡಿದು ನಿಂತಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಅವ್ವ ಬಾಗಿಲ ಬಳಿ ಕೂತು ತಟ್ಟೆಯ ಕಸ ತೆಗೆಯುತ್ತಿದ್ದಳು. ಗೋಡೆಗೆ ಒರಗಿಸಿದ್ದ ಚಂದ್ರಿಕೆ ಮೆಲ್ಲಗೆ ಜಾರತೊಡಗಿತು. ಅಮ್ಮನ ಕೈ ಖಾಲಿಯಿರಲಿಲ್ಲ.

“ಅವ್ವಾ, ಬಾ ಇತ್ತಗೆ. ಚಂದ್ರಿಕೆ ಹಿಡ್ಕೊ.”

ಇಷ್ಟು ದಿನದ ಮೇಲೆ ನನ್ನನ್ನು ಕರೆದಳಲ್ಲ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಅಮ್ಮನ ಕಣ್ಣು ನನ್ನ ಮೇಲಿರಲಿಲ್ಲ. ಅವಳು ಬಾಗಿಲ ಕಡೆ ನೋಡುತ್ತಿದ್ದಳು. ತಾನು ಏನೆಂದೆ ಎಂಬುದು ಅವಳಿಗೆ ಗೊತ್ತಾಗಿತ್ತು, ಅದನ್ನು ತಿದ್ದಿಕೊಳ್ಳಲಿಲ್ಲ. ಅವ್ವ ಕೈಲಿದ್ದ ತಟ್ಟೆ ಕೆಳಗಿಟ್ಟಳು.

“ವಸ್ತಾ ಉಂಡಾನಮ್ಮಾ” ಎಂದು ಎದ್ದು ಬಂದಳು. ಬಂದೆ ಕಣಮ್ಮಾ ಎಂದು.

ನನ್ನನ್ನು ದಾಟಿ ಹೋಗಿ ಎರಡೂ ಕೈಯಲ್ಲಿ ಚಂದ್ರಿಕೆ ಹಿಡಿದು ನಿಂತಳು. ಅಮ್ಮ ಹುಳಗಳನ್ನು ಒಂದೊಂದಾಗಿ ಪಟ್ಟಿಗಳ ನಡುವೆ ಬಿಡತೊಡಗಿದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಂದಿಷ್ಟು ಮೇಲಕ್ಕೆತ್ತು ಎಂದಳು, ಈ ಕಡೆ ವಾಲ್ಸು ಎಂದಳು, ಕೈ ನೋಯ್ತದಾ ಎಂದಳು. ಒಮ್ಮೆಯೂ ಬಹುವಚನ ಬರಲಿಲ್ಲ. ಹುಳಗಳೆಲ್ಲ ಹತ್ತಿ ಮುಗಿಯುವವರೆಗೆ ಅವ್ವ ಅವಳು ಹೇಳಿದ ಹಾಗೆ ಎತ್ತಿದಳು, ವಾಲಿಸಿದಳು, ಯಾವ ಅವ್ವ ಎಂದು ಕೇಳಲಿಲ್ಲ.